ಮೊಳೆಯ ಪಕ್ಕದ ನಾಣ್ಯ ಮೆಟಲ್ ಡಿಟೆಕ್ಟರ್‌ಗೆ ಯಾಕೆ ಕೇಳಿಸುವುದಿಲ್ಲ?

ನೂರಾರು ವರ್ಷ ಜನ ಬಾಳಿದ ಜಾಗದ ಮಣ್ಣಿನಲ್ಲಿ ಏನೇನಿರುತ್ತದೆ? ಕೈಜಾರಿದ ನಾಣ್ಯ, ಕಳೆದುಹೋದ ಉಂಗುರ, ಅಂಗಿಯಿಂದ ಕಿತ್ತುಬಂದ ಹಿತ್ತಾಳೆ ಗುಂಡಿ ಇರಬಹುದು. ಆದರೆ ಅವುಗಳಿಗಿಂತ ಎಷ್ಟೋ ಪಾಲು ಜಾಸ್ತಿ ಇರುವುದು ಮೊಳೆ, ತಂತಿಯ ಚೂರು, ತುಕ್ಕು ಹಿಡಿದ ತಗಡು, ಬಾಟಲಿ ಮುಚ್ಚಳ, ಅಲ್ಯೂಮಿನಿಯಂ ಹಾಳೆ. ನಾಣ್ಯ ಬಿದ್ದರೆ ಜನ ನಿಂತು ಹುಡುಕುತ್ತಾರೆ. ಮೊಳೆ ಬಿದ್ದರೆ ಯಾರೂ ಬಗ್ಗುವುದಿಲ್ಲ. ಹಾಗಾಗಿ ಮಣ್ಣಿಗೆ ಸೇರುವುದರಲ್ಲಿ ಕಸದ ಪಾಲೇ ದೊಡ್ಡದು.

ಕಸ ಇಲ್ಲದ ಜಾಗಕ್ಕೆ ಹೋಗಿ ಹುಡುಕಿದರಾಯಿತು ಅನ್ನಿಸಬಹುದು. ಆದರೆ ಕಸ ಇಲ್ಲ ಅಂದರೆ ಅಲ್ಲಿ ಜನ ಇರಲಿಲ್ಲ ಎಂದೇ ಅರ್ಥ. ಜನ ಇಲ್ಲದ ಕಡೆ ನಾಣ್ಯ ಎಲ್ಲಿಂದ ಬರಬೇಕು? ಒಳ್ಳೆಯ ವಸ್ತು ಮತ್ತು ಗುಜರಿ ಯಾವಾಗಲೂ ಒಂದೇ ಜಾಗದಲ್ಲಿ, ಹೆಚ್ಚುಕಡಿಮೆ ಒಂದೇ ಆಳದಲ್ಲಿ ಇರುತ್ತವೆ.

ಮೆಟಲ್ ಡಿಟೆಕ್ಟರ್ ಕೊಳ್ಳುವವರು ಮೊದಲು ಕೇಳುವ ಪ್ರಶ್ನೆ, 'ಇದು ಎಷ್ಟು ಆಳದವರೆಗೆ ನೋಡುತ್ತದೆ?' ಎಂದು. ನನ್ನ ಪ್ರಕಾರ ಗುಜರಿ ತುಂಬಿದ ನೆಲದಲ್ಲಿ ಅದು ಎರಡನೇ ಪ್ರಶ್ನೆ. ಹಲವರು ಹುಡುಕಿ 'ಇಲ್ಲಿ ಇನ್ನೇನೂ ಉಳಿದಿಲ್ಲ' ಎಂದು ಬಿಟ್ಟುಹೋದ ಜಾಗದಲ್ಲಿ ಉಳಿದ ನಾಣ್ಯಗಳೆಲ್ಲ ಯಂತ್ರಕ್ಕೆ ಎಟುಕದ ಆಳದಲ್ಲಿರುವುದಿಲ್ಲ. ಎಷ್ಟೋ ನಾಣ್ಯಗಳು ಒಂದು ಗೇಣಿಗಿಂತ ಕಡಿಮೆ ಆಳದಲ್ಲಿ, ಒಂದು ಮೊಳೆಯ ಮಗ್ಗುಲಲ್ಲಿ ಬಿದ್ದಿರುತ್ತವೆ. ಯಂತ್ರ ಅವುಗಳ ಮೇಲೆಯೇ ಹಾದುಹೋಗಿರುತ್ತದೆ. ಆದರೂ ಸದ್ದು ಬಂದಿರುವುದಿಲ್ಲ. ಹೀಗೆ ಯಾಕಾಗುತ್ತದೆ ಎಂದು ತಿಳಿಯಲು ಯಂತ್ರ ಲೋಹವನ್ನು ಹೇಗೆ ಗುರುತಿಸುತ್ತದೆ ಎಂಬಲ್ಲಿಂದ ಶುರು ಮಾಡಬೇಕು.

ಯಂತ್ರ ಏನನ್ನು ಅಳೆಯುತ್ತದೆ

ಡಿಟೆಕ್ಟರ್‌ನ ತುದಿಯಲ್ಲಿರುವ ಬಿಲ್ಲೆಯನ್ನು ಕಾಯಿಲ್ ಅನ್ನುತ್ತಾರೆ. ಸಾಮಾನ್ಯ ಡಿಟೆಕ್ಟರ್‌ನಲ್ಲಿ ಅದರೊಳಗೆ ಎರಡು ತಂತಿ ಸುರುಳಿಗಳಿರುತ್ತವೆ. ಒಂದು ಕಳುಹಿಸುವುದು, ಇನ್ನೊಂದು ಕೇಳುವುದು. ಕಳುಹಿಸುವ ಸುರುಳಿಯಲ್ಲಿ ವಿದ್ಯುತ್ತು ಸೆಕೆಂಡಿಗೆ ಸಾವಿರಾರು ಸಲ ಹಿಂದೆ ಮುಂದೆ ಹರಿಯುತ್ತದೆ. ಅದರಿಂದ ನೆಲದೊಳಗೆ ಏರಿಳಿಯುವ ಕಾಂತಕ್ಷೇತ್ರ ಹುಟ್ಟುತ್ತದೆ. ಎರಡೂ ಸುರುಳಿಗಳನ್ನು ಎಷ್ಟು ಎಚ್ಚರಿಕೆಯಿಂದ ಜೋಡಿಸಿರುತ್ತಾರೆ ಅಂದರೆ, ಹತ್ತಿರ ಲೋಹ ಇಲ್ಲದಿದ್ದರೆ ಕೇಳುವ ಸುರುಳಿಗೆ ಹೆಚ್ಚುಕಡಿಮೆ ಏನೂ ತಾಗುವುದಿಲ್ಲ.

ಈಗ ಕೆಳಗೆ ಒಂದು ನಾಣ್ಯ ಇದೆ ಅಂದುಕೊಳ್ಳಿ. ಏರಿಳಿಯುವ ಕಾಂತಕ್ಷೇತ್ರ ನಾಣ್ಯದೊಳಗೆ ಸಣ್ಣ ಸುಳಿಗಳಂತೆ ಸುತ್ತುವ ವಿದ್ಯುತ್ತನ್ನು ಹುಟ್ಟಿಸುತ್ತದೆ. ಇದಕ್ಕೆ ಎಡ್ಡಿ ಕರೆಂಟ್ ಎಂದು ಹೆಸರು. ಆ ಸುಳಿ ವಿದ್ಯುತ್ತು ತನ್ನದೇ ಒಂದು ಪುಟ್ಟ ಕಾಂತಕ್ಷೇತ್ರವನ್ನು ಮಾಡುತ್ತದೆ. ಅದು ಮೇಲಿನ ಸುರುಳಿಗೆ ತಾಗಿ, ಸಮತೋಲ ಕೆಟ್ಟು, ಸದ್ದು ಬರುತ್ತದೆ.

ಲೋಹ ಇದೆಯೋ ಇಲ್ಲವೋ ಅನ್ನುವುದು ಇಷ್ಟರಿಂದ ತಿಳಿಯಿತು. ಯಾವ ಥರದ ಲೋಹ ಅನ್ನುವುದು ತಿಳಿಯುವುದು ಉತ್ತರ ಎಷ್ಟು ತಡವಾಗಿ ಬರುತ್ತದೆ ಎನ್ನುವುದರಿಂದ. ಕಬ್ಬಿಣ ಆಯಸ್ಕಾಂತಕ್ಕೆ ಒಲಿಯುವ ಲೋಹ, ಹಾಗಾಗಿ ಅದು ಕಾಂತಕ್ಷೇತ್ರದ ಜೊತೆಜೊತೆಗೇ ಏರಿಳಿಯುತ್ತದೆ. ತೆಳು ಅಲ್ಯೂಮಿನಿಯಂ ಹಾಳೆಯಲ್ಲಿ ಸುಳಿ ವಿದ್ಯುತ್ತು ಹುಟ್ಟಿದಷ್ಟೇ ಬೇಗ ಸಾಯುತ್ತದೆ. ದಪ್ಪ ಬೆಳ್ಳಿ ನಾಣ್ಯದಲ್ಲಿ ಅದು ಸುಲಭಕ್ಕೆ ಸಾಯುವುದಿಲ್ಲ, ತುಂಬಾ ಹೊತ್ತು ಸುತ್ತುತ್ತಲೇ ಇರುತ್ತದೆ. 'ತುಂಬಾ ಹೊತ್ತು' ಅಂದರೂ ಅದು ಮೈಕ್ರೋಸೆಕೆಂಡುಗಳ ಲೆಕ್ಕ. ಯಂತ್ರ ಅಳೆಯುವುದು ಈ ತಡವನ್ನೇ. ಆ ಅಳತೆಯನ್ನು ಒಂದು ಅಂಕಿಯಾಗಿ ಪರದೆಯ ಮೇಲೆ ತೋರಿಸುತ್ತದೆ, ಒಂದು ಸ್ವರವಾಗಿ ಕಿವಿಗೆ ಕೇಳಿಸುತ್ತದೆ. ಕಬ್ಬಿಣಕ್ಕೆ ಗೊರಗೊರ ಅನ್ನುವ ತಗ್ಗು ದನಿ, ಬೆಳ್ಳಿ ತಾಮ್ರಗಳಿಗೆ ಎತ್ತರದ ದನಿ. ಅಂಕಿಯ ಅಳತೆಗೋಲು ಒಂದೊಂದು ಕಂಪನಿಯ ಯಂತ್ರದಲ್ಲಿ ಒಂದೊಂದು ಥರ ಇರುತ್ತದೆ. ಆದರೆ ಸಾಲಿನ ಕ್ರಮ ಹೆಚ್ಚುಕಡಿಮೆ ಇದೇ: ಕೆಳತುದಿಯಲ್ಲಿ ಕಬ್ಬಿಣ, ಆಮೇಲೆ ತೆಳು ಹಾಳೆ ಮತ್ತು ಸಣ್ಣ ಚಿನ್ನ, ನಡುವೆ ಕ್ಯಾನ್ ತೆರೆಯುವ ಅಲ್ಯೂಮಿನಿಯಂ ಕೊಂಡಿಗಳು ಮತ್ತು ಉಂಗುರಗಳು, ಮೇಲ್ತುದಿಯಲ್ಲಿ ತಾಮ್ರ ಮತ್ತು ಬೆಳ್ಳಿ.

ಆ ಅಂಕಿ ಲೋಹದ ಹೆಸರಲ್ಲ

ತುಂಬಾ ಜನ ತಪ್ಪು ತಿಳಿಯುವುದು ಇಲ್ಲಿಯೇ. ಪರದೆಯ ಅಂಕಿ 'ಇದು ಚಿನ್ನ', 'ಇದು ಅಲ್ಯೂಮಿನಿಯಂ' ಎಂದು ಹೇಳುತ್ತಿಲ್ಲ. ಸುಳಿ ವಿದ್ಯುತ್ತು ಎಷ್ಟು ಹೊತ್ತು ಉಳಿಯಿತು ಎಂದು ಮಾತ್ರ ಹೇಳುತ್ತಿದೆ. ಆ ಹೊತ್ತು ಲೋಹವೊಂದರ ಮೇಲೆ ನಿಂತಿಲ್ಲ. ವಸ್ತುವಿನ ಅಗಲ, ದಪ್ಪ, ಆಕಾರ, ಅದು ಮಲಗಿದೆಯೋ ನಿಂತಿದೆಯೋ, ಎಲ್ಲವೂ ಸೇರುತ್ತವೆ.

ಶುದ್ಧ ಚಿನ್ನದ ವಾಹಕತೆ ಅಲ್ಯೂಮಿನಿಯಂಗಿಂತ ಸ್ವಲ್ಪವೇ ಜಾಸ್ತಿ. ಆಭರಣದ ಚಿನ್ನಕ್ಕೆ ಬೇರೆ ಲೋಹ ಬೆರೆಸಿರುತ್ತಾರೆ, ಆಗ ಅದು ಅಲ್ಯೂಮಿನಿಯಂಗಿಂತ ಎಷ್ಟೋ ಕೆಳಗಿಳಿಯುತ್ತದೆ. ಹೀಗಾಗಿ ಒಂದು ಸಾಧಾರಣ ಉಂಗುರ ಮತ್ತು ಒಂದು ಕ್ಯಾನ್ ಕೊಂಡಿ ಒಂದೇ ಅಂಕಿ ತೋರಿಸಿದರೆ ಅದು ಯಂತ್ರದ ದೋಷ ಅಲ್ಲ. ಯಂತ್ರ ನೋಡುವ ಒಂದೇ ಒಂದು ಗುಣದಲ್ಲಿ ಅವೆರಡೂ ನಿಜವಾಗಿಯೂ ಒಂದೇ. ಯಾವ ದುಬಾರಿ ಯಂತ್ರವೂ ಅವನ್ನು ಖಚಿತವಾಗಿ ಬೇರೆ ಮಾಡಿ ಹೇಳುವುದಿಲ್ಲ.

ತೆಳು ಸರಗಳ ಕತೆ ಇನ್ನೂ ವಿಚಿತ್ರ. ಉದ್ದನೆಯ ಚಿನ್ನದ ಸರ ಇದೆ ಅಂದರೆ ಒಳ್ಳೆಯ ಸದ್ದು ಬರಬೇಕು ಅಲ್ವಾ? ಬರುವುದಿಲ್ಲ. ಸರದ ಕೊಂಡಿಗಳು ಒಂದನ್ನೊಂದು ಸಡಿಲವಾಗಿ ಮುಟ್ಟುತ್ತಿರುತ್ತವೆ. ಸುಳಿ ವಿದ್ಯುತ್ತು ಇಡೀ ಸರದ ಸುತ್ತ ಹರಿಯಲಾರದು. ಒಂದೊಂದು ಪುಟ್ಟ ಕೊಂಡಿಯೊಳಗೇ ಸುತ್ತಿ ಮುಗಿಯುತ್ತದೆ. ಯಂತ್ರಕ್ಕೆ ಅದು ಬರೀ ಸಾಸಿವೆಯಷ್ಟು ಗಾತ್ರದ ಲೋಹಗಳ ಗುಂಪು. ಎಷ್ಟೋ ಸಲ ಕೇಳಿಸುವುದು ಸರದ ಕೊಕ್ಕೆ ಮಾತ್ರ. ಹಾಗೆಯೇ, ಮುಚ್ಚಿದ ವೃತ್ತವಾಗಿರುವ ಉಂಗುರದ ಸದ್ದು ಗಟ್ಟಿ. ಅದೇ ಉಂಗುರ ಒಂದು ಕಡೆ ತುಂಡಾಗಿದ್ದರೆ ಸದ್ದು ಎಷ್ಟೋ ಸೊರಗುತ್ತದೆ.

ಮರೆಯಾಗುವುದು ಹೇಗೆ

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಕಬ್ಬಿಣ ಒಳ್ಳೆಯ ವಸ್ತುವನ್ನು ಮರೆಮಾಡುವುದು ಒಂದೇ ದಾರಿಯಲ್ಲಿ ಅಲ್ಲ.

ಮೊದಲನೆಯದು ಬೆರಕೆ. ಕಾಯಿಲ್ ಕೆಳಗೆ ನಾಣ್ಯ ಮತ್ತು ಮೊಳೆ ಎರಡೂ ಒಟ್ಟಿಗೆ ಇದ್ದರೆ ಎರಡರ ಉತ್ತರಗಳೂ ಕೂಡಿಕೊಂಡೇ ಮೇಲೆ ಬರುತ್ತವೆ. ಕೇಳುವ ಸುರುಳಿ ಅವನ್ನು ಬಿಡಿಸಿ ನೋಡಲಾರದು. ಬರುವ ಅಂಕಿ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ಬೆಳ್ಳಿ ನಾಣ್ಯ ಅಲ್ಯೂಮಿನಿಯಂ ಚೂರಿನಂತೆ ಕಾಣಿಸಬಹುದು. ಮೊಳೆ ದೊಡ್ಡದಿದ್ದು ನಾಣ್ಯ ಸಣ್ಣದಿದ್ದರೆ ಪೂರಾ ಕಬ್ಬಿಣ ಎಂದೇ ಬರಬಹುದು. ಅದಕ್ಕೇ ಮೊಳೆಗಳ ನಡುವೆ ಕುಣಿಯುವ ನಡು ಅಂಕಿ ಬಂದರೆ ನಾನು ಅದನ್ನು ಹಗುರವಾಗಿ ನೋಡುವುದಿಲ್ಲ. ಸ್ವಚ್ಛ ನೆಲದಲ್ಲಿ ಅದೇ ಅಂಕಿ ಕಸ ಇರಬಹುದು. ಮೊಳೆಗಳ ನಡುವೆ ಅದು ಕೆಳಕ್ಕೆ ಎಳೆಯಲ್ಪಟ್ಟ ಬೆಳ್ಳಿಯೂ ಆಗಿರಬಹುದು.

ಎರಡನೆಯದು ಸಮಯ. ಯಂತ್ರ ಒಂದು ವಸ್ತುವನ್ನು ಕೇಳಿದ ಮೇಲೆ ಅದರೊಳಗಿನ ಲೆಕ್ಕಾಚಾರ ಮೊದಲಿನ ಸ್ಥಿತಿಗೆ ಬರಲು ಸ್ವಲ್ಪ ಹೊತ್ತು ಬೇಕು. ರಾತ್ರಿ ಎದುರಿನ ಗಾಡಿಯ ದೀಪ ಕಣ್ಣಿಗೆ ಹೊಡೆದ ಮೇಲೆ ಒಂದು ಗಳಿಗೆ ರಸ್ತೆ ಕಾಣದಂತಾಗುತ್ತದಲ್ಲ, ಹಾಗೆ. ಲೆಕ್ಕ ಹಾಕಿ ನೋಡಿ. ಕಾಯಿಲ್ಲನ್ನು ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಬೀಸುತ್ತಿದ್ದೀರಿ. ಮೊಳೆಗೂ ನಾಣ್ಯಕ್ಕೂ 5 ಸೆಂಟಿಮೀಟರ್ ಅಂತರ. ಮೊಳೆ ಹಾದು ನಾಣ್ಯ ಬರುವುದಕ್ಕೆ ಸಿಗುವ ಸಮಯ ಸೆಕೆಂಡಿನ 20ನೇ ಒಂದು ಭಾಗ, ಅಂದರೆ 50 ಮಿಲಿಸೆಕೆಂಡ್. ಯಂತ್ರ ಸುಧಾರಿಸಿಕೊಳ್ಳಲು 100 ಮಿಲಿಸೆಕೆಂಡ್ ಬೇಕಿದ್ದರೆ ನಾಣ್ಯ ಬಂದುಹೋದದ್ದೇ ಗೊತ್ತಾಗುವುದಿಲ್ಲ. ಈಚಿನ ಯಂತ್ರಗಳಲ್ಲಿ ರಿಕವರಿ ಸ್ಪೀಡ್ ಅಥವಾ ರಿಯಾಕ್ಟಿವಿಟಿ ಎಂಬ ಸೆಟ್ಟಿಂಗ್ ಇರುವುದು ಇದಕ್ಕಾಗಿಯೇ. ಅದನ್ನು ಏರಿಸಿದರೆ ಯಂತ್ರ ಬೇಗ ಸುಧಾರಿಸಿಕೊಳ್ಳುತ್ತದೆ, ಹತ್ತಿರದ ಎರಡು ವಸ್ತುಗಳನ್ನು ಬೇರೆ ಬೇರೆಯಾಗಿ ಕೇಳಿಸುತ್ತದೆ. ಬದಲಿಗೆ ಆಳ ಸ್ವಲ್ಪ ಕಡಿಮೆಯಾಗುತ್ತದೆ. ಯಾಕೆಂದರೆ ಕ್ಷೀಣ ಸದ್ದನ್ನು ಹಿಡಿಯಲು ಯಂತ್ರಕ್ಕೆ ಹೆಚ್ಚು ಹೊತ್ತು ಕೇಳುವುದು ಬೇಕು. ಗುಜರಿ ನೆಲದಲ್ಲಿ ಈ ವಿನಿಮಯ ಖಂಡಿತ ಲಾಭದ್ದು.

ಮೂರನೆಯದನ್ನು ನಾವೇ ಮಾಡಿಕೊಳ್ಳುತ್ತೇವೆ. ಇದನ್ನೇ ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳಬೇಕು. ಡಿಸ್ಕ್ರಿಮಿನೇಷನ್ ಎಂಬ ಸೌಲಭ್ಯ ಹೆಚ್ಚಿನ ಯಂತ್ರಗಳಲ್ಲಿ ಇರುತ್ತದೆ. 'ಇಷ್ಟು ಅಂಕಿಗಿಂತ ಕೆಳಗಿನ ಯಾವುದಕ್ಕೂ ಸದ್ದು ಮಾಡಬೇಡ' ಎಂದು ಯಂತ್ರಕ್ಕೆ ಹೇಳಿಬಿಡುವುದು. ಕೇಳಲು ತುಂಬಾ ಚೆನ್ನಾಗಿದೆ. ಗೊರಗೊರ ನಿಂತುಹೋಗುತ್ತದೆ, ನೆಲ ಶಾಂತವಾಗುತ್ತದೆ. ಆದರೆ ಮೊಳೆ ಅಲ್ಲಿಂದ ಎದ್ದು ಹೋಗಿಲ್ಲ. ಅದು ನಾಣ್ಯದ ಉತ್ತರವನ್ನು ಕೆಳಕ್ಕೆ ಎಳೆಯುತ್ತಲೇ ಇದೆ. ಹಾಗೆ ಎಳೆದು ನೀವು ಗೀಚಿದ ಗೆರೆಯ ಕೆಳಗೆ ತಂದರೆ ನಾಣ್ಯವೂ ಮೊಳೆಯ ಜೊತೆ ಮೂಕವಾಗುತ್ತದೆ. ಅದಕ್ಕಿಂತ ಕೆಟ್ಟದ್ದೇನೆಂದರೆ, ಅಲ್ಲಿ ಎಷ್ಟು ಕಬ್ಬಿಣ ಇದೆ ಎಂಬ ಸುಳಿವೇ ನಿಮಗೆ ಸಿಗುವುದಿಲ್ಲ. ಮೌನವಾದ ನೆಲವನ್ನು ಖಾಲಿ ನೆಲ ಎಂದು ತಿಳಿದು ಬೇಗ ಬೇಗ ದಾಟಿಬಿಡುತ್ತೀರಿ. ಒಳ್ಳೆಯ ವಸ್ತು ಸಿಗುವ ಸಂಭವ ಹೆಚ್ಚಿರುವ ಜಾಗವೂ ಅದೇ ಆಗಿರುತ್ತದೆ.

ನಾಲ್ಕನೆಯದು ಮೇಲೆ ಕೆಳಗೆ ಇರುವಿಕೆ. ನಾಣ್ಯದ ಮೇಲೆಯೇ ಒಂದು ತಗಡು ಮಲಗಿದ್ದರೆ ಏನೂ ಮಾಡಲಾಗದು. ಸದ್ದಿನ ಬಲ ಆಳದ ಜೊತೆ ಭಯಂಕರ ವೇಗದಲ್ಲಿ ಕುಸಿಯುತ್ತದೆ. ಕಾಯಿಲ್ಲಿನ ಅಳತೆಗೆ ಹೋಲಿಸಿದರೆ ವಸ್ತು ಸಾಕಷ್ಟು ದೂರ ಇದ್ದಾಗ, ಹೋಗುವ ದಾರಿಯಲ್ಲಿ ದೂರದ ಮೂರನೇ ಘಾತದಷ್ಟು, ಬರುವ ದಾರಿಯಲ್ಲಿ ಮತ್ತೆ ಮೂರನೇ ಘಾತದಷ್ಟು ನಷ್ಟವಾಗುತ್ತದೆ. ಒಟ್ಟು ಆರನೇ ಘಾತ. ದೂರ ಎರಡು ಪಟ್ಟಾದರೆ ಸದ್ದು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮೇಲಿನ ಸಣ್ಣ ಕಸ ಕೆಳಗಿನ ದೊಡ್ಡ ನಾಣ್ಯವನ್ನು ಮುಳುಗಿಸಿಬಿಡುವುದು ಈ ಲೆಕ್ಕದಿಂದಲೇ. ಇದಕ್ಕೆ ಸೆಟ್ಟಿಂಗ್ ಪರಿಹಾರ ಇಲ್ಲ. ಮೇಲಿನ ಕಸ ತೆಗೆದರೆ ಮಾತ್ರ ಕೆಳಗಿನದು ಕೇಳಿಸುತ್ತದೆ.

ಈ ಮರೆಯ ಸಮಸ್ಯೆ ಯಂತ್ರದಷ್ಟೇ ಹಳೆಯದು. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಅವರಿಗೆ ಗುಂಡೇಟು ಬಿತ್ತು. ಗುಂಡು ದೇಹದಲ್ಲಿ ಎಲ್ಲಿದೆ ಎಂದು ವೈದ್ಯರಿಗೆ ತಿಳಿಯಲಿಲ್ಲ. ದೂರವಾಣಿ ಖ್ಯಾತಿಯ ಅಲೆಕ್ಸಾಂಡರ್ ಗ್ರಹಾಂ ಬೆಲ್ ಆತುರಾತುರವಾಗಿ ಒಂದು ಯಂತ್ರ ಕಟ್ಟಿ ತಂದರು. ಸಮತೋಲದಲ್ಲಿಟ್ಟ ಸುರುಳಿಗಳು, ಕೇಳಲು ದೂರವಾಣಿಯ ಕಿವಿತುಂಡು. ಇವತ್ತಿನ ಡಿಟೆಕ್ಟರ್‌ನ ತತ್ವವೇ ಅದು. ಬೇರೆ ಕಡೆ ಪರೀಕ್ಷಿಸಿದಾಗ ಕೆಲಸ ಮಾಡಿದ ಯಂತ್ರ ಅಧ್ಯಕ್ಷರ ಹಾಸಿಗೆಯ ಮೇಲೆ ಗೊಂದಲದ ಸದ್ದು ಕೊಟ್ಟಿತು. ಹಾಸಿಗೆಯ ಕೆಳಗೆ ಉಕ್ಕಿನ ತಂತಿಗಳಿದ್ದವು. ಅದರ ಜೊತೆಗೆ, ಗುಂಡು ಬಲಗಡೆ ಇದೆ ಎಂದು ನಂಬಿದ್ದ ಮುಖ್ಯ ವೈದ್ಯರು ಆ ಕಡೆ ಮಾತ್ರ ಹುಡುಕಿಸಿದರು. ಗಾರ್ಫೀಲ್ಡ್ ಸೆಪ್ಟೆಂಬರ್ 19ರಂದು ತೀರಿಕೊಂಡರು. ಶವಪರೀಕ್ಷೆಯಲ್ಲಿ ಗುಂಡು ಎಡಗಡೆ ಸಿಕ್ಕಿತು. ಸುತ್ತಲಿನ ಕಬ್ಬಿಣ ಒಂದು ಕಡೆ, ತಪ್ಪು ಜಾಗದಲ್ಲಿ ಹುಡುಕಿದ್ದು ಇನ್ನೊಂದು ಕಡೆ. ಎರಡೂ ಸೇರಿ ಯಂತ್ರವನ್ನು ಸೋಲಿಸಿದವು.

ಗುಜರಿ ನೆಲಕ್ಕೆ ತಕ್ಕ ಕಾಯಿಲ್, ತಕ್ಕ ವೇಗ

ಮರೆಯಾಗುವ ಬಗೆ ತಿಳಿದ ಮೇಲೆ ಪರಿಹಾರಗಳು ತಾವಾಗಿಯೇ ಹೊಳೆಯುತ್ತವೆ. ಒಂದು ಹೊತ್ತಿಗೆ ಕಾಯಿಲ್ ಕೆಳಗೆ ಎಷ್ಟು ಕಡಿಮೆ ವಸ್ತುಗಳಿರುತ್ತವೋ ಅಷ್ಟು ಒಳ್ಳೆಯದು. ಯಂತ್ರದ ಜೊತೆ ಸಾಮಾನ್ಯವಾಗಿ 11 ಇಂಚು ಆಸುಪಾಸಿನ ಕಾಯಿಲ್ ಬರುತ್ತದೆ. ಮೊಳೆಗಳು ಚೆಲ್ಲಿದ ಜಾಗದಲ್ಲಿ 5–6 ಇಂಚಿನ ಸಣ್ಣ ಕಾಯಿಲ್ ಹಾಕಿ ನೋಡಿ, ಅದೇ ನೆಲ ಬೇರೆಯದೇ ಆಗಿ ಕೇಳಿಸುತ್ತದೆ. ಯಂತ್ರ ಬದಲಿಸುವ ಹಣದ ಸಣ್ಣ ಪಾಲಿನಲ್ಲಿ ಆಗುವ ಕೆಲಸ ಇದು. ಹೊಸ ಯಂತ್ರಕ್ಕಿಂತ ಮೊದಲು ಸಣ್ಣ ಕಾಯಿಲ್ ಕೊಳ್ಳಿ ಎಂದೇ ನಾನು ಹೇಳುವುದು.

ಕಾಯಿಲ್ಲಿನ ಬಗೆಯೂ ಮುಖ್ಯ. ಒಂದರೊಳಗೊಂದು ವೃತ್ತಗಳಿರುವುದು ಕಾನ್‌ಸೆಂಟ್ರಿಕ್. ಇಂಗ್ಲಿಷಿನ ಡಿ ಅಕ್ಷರದ ಆಕಾರದ ಎರಡು ಸುರುಳಿಗಳು ಬೆನ್ನಿಗೆ ಬೆನ್ನು ಹೇರಿಕೊಂಡಿರುವುದು ಡಬಲ್ ಡಿ. ಕಾನ್‌ಸೆಂಟ್ರಿಕ್ ಕಾಯಿಲ್ ನೋಡುವ ಜಾಗ ನೆಲದೊಳಗೆ ಶಂಕುವಿನಂತೆ ಕಿರಿದಾಗುತ್ತಾ ಹೋಗುತ್ತದೆ. ಡಬಲ್ ಡಿ ನೋಡುವುದು ಒಂದು ಅಲಗಿನಷ್ಟು ತೆಳು ಪಟ್ಟಿ. ಆ ಪಟ್ಟಿ ಕಾಯಿಲ್ಲಿನ ಮುಂತುದಿಯಿಂದ ಹಿಂತುದಿಯವರೆಗೆ ಇರುತ್ತದೆ. ಎಡಕ್ಕೂ ಬಲಕ್ಕೂ ಬೀಸುವಾಗ ಅಕ್ಕಪಕ್ಕದ ವಸ್ತುಗಳು ಒಂದಾದ ಮೇಲೊಂದು ಆ ಪಟ್ಟಿಗೆ ಸಿಗುತ್ತವೆ, ಹಾಗಾಗಿ ಬೇರೆ ಬೇರೆಯಾಗಿ ಕೇಳಿಸುತ್ತವೆ. ಆದರೆ ಎರಡು ವಸ್ತುಗಳು ನಿಮ್ಮ ಮುಂದೆ ಒಂದರ ಹಿಂದೆ ಒಂದು ಇದ್ದರೆ? ಎರಡೂ ಒಟ್ಟಿಗೇ ಪಟ್ಟಿಯೊಳಗೆ ಬೀಳುತ್ತವೆ, ಮತ್ತೆ ಬೆರಕೆ. ಅದಕ್ಕೇ ಒಂದು ಜಾಗವನ್ನು ಉತ್ತರ–ದಕ್ಷಿಣವಾಗಿ ಹುಡುಕಿದ ಮೇಲೆ ಪೂರ್ವ–ಪಶ್ಚಿಮವಾಗಿ ಇನ್ನೊಮ್ಮೆ ಹುಡುಕಬೇಕು. ಮೊದಲ ಸಲ ಮೊಳೆಯ ಜೊತೆ ಬೆರೆತಿದ್ದ ನಾಣ್ಯ ಎರಡನೇ ಸಲ ಪ್ರತ್ಯೇಕವಾಗಿ ಕೇಳಿಸುತ್ತದೆ. ಹುಡುಕಿ ಮುಗಿದ ನೆಲದಲ್ಲಿ ಹೊಸದು ಸಿಗುವ ದಾರಿಗಳಲ್ಲಿ ಇಷ್ಟು ಸುಲಭದ್ದು ಇನ್ನೊಂದಿಲ್ಲ.

ವೇಗದ ಮಾತು ಮೇಲಿನ ಲೆಕ್ಕದಲ್ಲೇ ಬಂತು. ಬೀಸುವ ವೇಗ ಅರ್ಧ ಮಾಡಿದರೆ ಮೊಳೆಗೂ ನಾಣ್ಯಕ್ಕೂ ನಡುವೆ ಸಿಗುವ ಸಮಯ ಎರಡು ಪಟ್ಟಾಗುತ್ತದೆ. ಹೆಜ್ಜೆ ಚಿಕ್ಕದಿರಲಿ, ಬೀಸು ಚಿಕ್ಕದಿರಲಿ, ಒಂದು ಬೀಸಿನ ಮೇಲೆ ಇನ್ನೊಂದು ಅರ್ಧದಷ್ಟಾದರೂ ಹೊದ್ದುಕೊಳ್ಳಲಿ. ಕಾಯಿಲ್ ನೆಲಕ್ಕೆ ಹತ್ತಿರ, ಸಮತಟ್ಟಾಗಿ ಇರಲಿ. ಬೀಸಿನ ಕೊನೆಯಲ್ಲಿ ಕಾಯಿಲ್ ಮೇಲೆದ್ದರೆ ಅಲ್ಲಿ ಕೆಲವು ಸೆಂಟಿಮೀಟರ್ ಆಳ ಸುಮ್ನೆ ಹೋಗುತ್ತದೆ.

ಎಷ್ಟು ಕ್ಷೀಣ ಉತ್ತರಕ್ಕೂ ಸದ್ದು ಮಾಡಬೇಕು ಎಂದು ಹೇಳುವ ಸೆಟ್ಟಿಂಗ್ ಸೆನ್ಸಿಟಿವಿಟಿ. ಅದನ್ನು ತುದಿಗೇರಿಸುವ ಆಸೆ ಎಲ್ಲರಿಗೂ ಇರುತ್ತದೆ. ಗುಜರಿ ನೆಲದಲ್ಲಿ ಅದು ತಿರುಗುಬಾಣ. ದೂರದ ಮೊಳೆಗಳೂ ಅಕ್ಕಪಕ್ಕದ ವಿದ್ಯುತ್ ತಂತಿಗಳ ಗದ್ದಲವೂ ಒಳಗೆ ಬರುತ್ತವೆ. ಸ್ವಲ್ಪ ತಗ್ಗಿಸಿದರೆ ಯಂತ್ರ ಹತ್ತಿರದ್ದನ್ನು ಸ್ಪಷ್ಟವಾಗಿ ಹೇಳುತ್ತದೆ.

ಆವರ್ತನದ ಬಗ್ಗೆ, ಅಂದರೆ ಸುರುಳಿಯಲ್ಲಿ ವಿದ್ಯುತ್ತು ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಹರಿಯುತ್ತದೆ ಎಂಬುದರ ಬಗ್ಗೆ ಒಂದು ಮಾತು. ಇಂಥ ಯಂತ್ರಗಳು ಸುಮಾರು 3ರಿಂದ 100 ಕಿಲೋಹರ್ಟ್ಸ್ ನಡುವೆ ಕೆಲಸ ಮಾಡುತ್ತವೆ. ಕಡಿಮೆ ಆವರ್ತನ ದಪ್ಪ ಬೆಳ್ಳಿ, ತಾಮ್ರಗಳಿಗೆ ಹಿತ. ಹೆಚ್ಚು ಆವರ್ತನ ಸಣ್ಣ ಚಿನ್ನ, ತೆಳು ನಾಣ್ಯಗಳಿಗೆ ಹಿತ, ಯಾಕೆಂದರೆ ಬೇಗ ಸಾಯುವ ಸುಳಿ ವಿದ್ಯುತ್ತನ್ನು ಹಿಡಿಯಲು ಬೇಗ ಬೇಗ ಕೇಳಬೇಕು. ಈಚೆಗೆ ಒಟ್ಟಿಗೇ ಹಲವು ಆವರ್ತನಗಳಲ್ಲಿ ಕೇಳುವ ಯಂತ್ರಗಳು ಬಂದಿವೆ. ಒಂದು ವಸ್ತು ಬೇರೆ ಬೇರೆ ಆವರ್ತನಗಳಲ್ಲಿ ಹೇಗೆ ಉತ್ತರಿಸುತ್ತದೆ ಎಂದು ಹೋಲಿಸಿ ನೋಡುವುದರಿಂದ ಕಬ್ಬಿಣವನ್ನು ಗುರುತಿಸುವುದು ಅವಕ್ಕೆ ಸುಲಭವಾಗಿದೆ.

ಕಬ್ಬಿಣದ ಸುಳ್ಳು ದನಿ

ಡಿಸ್ಕ್ರಿಮಿನೇಷನ್ ನಾಣ್ಯವನ್ನೂ ಮೂಕ ಮಾಡಬಹುದು ಎಂದೆ. ಹಾಗಾಗಿ ಅದನ್ನು ತೆಗೆದುಹಾಕುವುದು ಒಳ್ಳೆಯದು. ಹಾಗೆ ಮಾಡಿದರೆ ಕಿವಿಯಲ್ಲಿ ಗೊರಗೊರ ತುಂಬುತ್ತದೆ. ಮೊದಮೊದಲು ತಲೆ ಕೆಡುತ್ತದೆ, ನಿಜ. ಆದರೆ ಕಬ್ಬಿಣಕ್ಕೆ ತಗ್ಗು ದನಿ, ಮೆಲ್ಲನೆಯ ದನಿ ಇಟ್ಟುಕೊಳ್ಳುವ ಸೌಲಭ್ಯ ಹಲವು ಯಂತ್ರಗಳಲ್ಲಿದೆ. ಅದನ್ನು ಬಳಸಿ, ಹೆಡ್‌ಫೋನ್ ಹಾಕಿಕೊಂಡರೆ ಕಿವಿ ನಿಧಾನವಾಗಿ ಒಗ್ಗುತ್ತದೆ. ಆಮೇಲೆ ಆ ಗೊರಗೊರದ ನಡುವೆ ಒಂದು ತುಣುಕು ಎತ್ತರದ ದನಿ ಬಂದರೆ ತಟ್ಟನೆ ಗೊತ್ತಾಗುತ್ತದೆ. ಪರದೆಯ ಅಂಕಿ ಲೆಕ್ಕ ಮುಗಿಸಿ ಬರುವಷ್ಟರಲ್ಲಿ ಕಿವಿಗೆ ಸುದ್ದಿ ಮುಟ್ಟಿರುತ್ತದೆ.

ತೊಡಕು ಏನೆಂದರೆ ಕಬ್ಬಿಣವೂ ಎತ್ತರದ ದನಿ ತೆಗೆಯುತ್ತದೆ. ಬಾಗಿದ ಮೊಳೆಯ ತುದಿ, ಅಗಲ ತಗಡು, ವಾಷರ್, ಸೀಸೆಯ ಉಕ್ಕಿನ ಮುಚ್ಚಳ, ಇವುಗಳಲ್ಲಿ ಸುಳಿ ವಿದ್ಯುತ್ತು ಹರಿಯಲು ಬೇಕಾದಷ್ಟು ಜಾಗ ಇರುತ್ತದೆ. ಕಾಂತಗುಣದ ಜೊತೆ ಆ ಸುಳಿಯೂ ಸೇರಿ ಉತ್ತರ ಸಾಲಿನ ಮೇಲ್ತುದಿಗೆ ಹಾರಿಬಿಡುತ್ತದೆ. ಹಾಗಾದರೆ ಸುಳ್ಳನ್ನು ಹಿಡಿಯುವುದು ಹೇಗೆ?

ನಾಣ್ಯ ದುಂಡಗಿರುತ್ತದೆ. ಮಲಗಿದ ನಾಣ್ಯ ಯಾವ ಕಡೆಯಿಂದ ಬಂದರೂ ಒಂದೇ ಥರ ಕೇಳಿಸುತ್ತದೆ. ಮೊಳೆ ಉದ್ದಕ್ಕಿರುತ್ತದೆ. ಹಾಗಾಗಿ ಸದ್ದು ಬಂದ ಜಾಗದ ಸುತ್ತ ಕಾಲು ಸುತ್ತು ನಡೆದು ಅಡ್ಡಲಾಗಿ ಬೀಸಿ ನೋಡಿ. ಎತ್ತರದ ದನಿ ಮಾಯವಾಗಿ ಬರೀ ಗೊರಗೊರ ಬಂದರೆ ಮೊಳೆ ಎಂಬ ಅನುಮಾನ ಬಲವಾಗುತ್ತದೆ. ಇನ್ನೊಂದು ಪರೀಕ್ಷೆ ಜಾಗದ್ದು. ಎರಡು ದಿಕ್ಕುಗಳಿಂದ ಬೀಸಿ, ದನಿ ಯಾವ ಬಿಂದುವಿನಲ್ಲಿ ಬರುತ್ತದೆ ಎಂದು ಗುರುತು ಹಾಕಿಕೊಳ್ಳಿ. ನಾಣ್ಯದ ಬಿಂದು ಕದಲುವುದಿಲ್ಲ. ಮೊಳೆಯ ಸುಳ್ಳು ದನಿ ಒಂದು ಕಡೆಯಿಂದ ಇಲ್ಲಿ, ಇನ್ನೊಂದು ಕಡೆಯಿಂದ ಅಲ್ಲಿ ಎಂದು ಜಾರುತ್ತದೆ. ಮೂರನೆಯದು ಅಂಚಿನ ಪರೀಕ್ಷೆ. ಕಾಯಿಲ್ಲನ್ನು ಚಿಕ್ಕದಾಗಿ ಅಲ್ಲಾಡಿಸುತ್ತಾ ನಿಮ್ಮ ಕಡೆಗೆ ಎಳೆದುಕೊಳ್ಳಿ. ವಸ್ತು ಮುಂತುದಿಯ ಅಂಚಿಗೆ ಬಂದಾಗ ನಾಣ್ಯದ ದನಿ ಹಾಗೆಯೇ ಕ್ಷೀಣಿಸಿ ನಿಲ್ಲುತ್ತದೆ. ಉಕ್ಕಿನ ಮುಚ್ಚಳ ಅಥವಾ ತಗಡಾದರೆ ಅಂಚಿನಲ್ಲಿ ಕಬ್ಬಿಣದ ನಿಜದನಿ ಹೊರಬರುತ್ತದೆ.

ಈ ಪರೀಕ್ಷೆಗಳನ್ನು ಕುರುಡಾಗಿ ನಂಬಬಾರದು. ಮೊಳೆಗಳ ನಡುವೆ ಸಿಕ್ಕಿಕೊಂಡ ನಾಣ್ಯ ಕೂಡ ಒಂದು ದಿಕ್ಕಿನಿಂದ ಮಾತ್ರ ಕೇಳಿಸಬಹುದು, ಇನ್ನೊಂದು ದಿಕ್ಕಿನಿಂದ ಮೊಳೆ ಅದನ್ನು ನುಂಗಬಹುದು. ನಾನು ಪಾಲಿಸುವ ನಿಯಮ ಇಷ್ಟೇ: ಒಂದೇ ದಿಕ್ಕಿನಿಂದ ಬಂದರೂ ಸರಿ, ಅದೇ ಬಿಂದುವಿನಲ್ಲಿ ಪ್ರತಿ ಬೀಸಿಗೂ ದನಿ ಮರಳಿ ಬರುತ್ತಿದ್ದರೆ ಅಗೆಯಬೇಕು. ಬಂದರೆ ಮೊಳೆ ಬರಲಿ.

ಇದನ್ನು ಮನೆಯಂಗಳದಲ್ಲೇ ಕಲಿಯಬಹುದು. ಒಂದು ಮರದ ಹಲಗೆಯ ಮೇಲೆ ನಾಣ್ಯ ಇಡಿ. ಅದರ ಒಂದು ಪಕ್ಕ ಒಂದು ಮೊಳೆ, ಆಮೇಲೆ ಇನ್ನೊಂದು ಪಕ್ಕ ಇನ್ನೊಂದು. ಹಲಗೆಯನ್ನು ತಿರುಗಿಸುತ್ತಾ, ವೇಗ ಬದಲಿಸುತ್ತಾ, ರಿಕವರಿ ಸ್ಪೀಡ್ ಏರಿಸಿ ಇಳಿಸುತ್ತಾ ಬೀಸಿ ನೋಡಿ. ಯಾವ ಹಂತದಲ್ಲಿ ನಾಣ್ಯ ಮೂಕವಾಗುತ್ತದೆ, ಯಾವುದನ್ನು ಬದಲಿಸಿದಾಗ ಮತ್ತೆ ಮಾತಾಡುತ್ತದೆ ಎಂದು ಕಿವಿಯೇ ಹೇಳುತ್ತದೆ. ಕೈಪಿಡಿ ಓದುವುದಕ್ಕಿಂತ ಇದರಿಂದ ಯಂತ್ರ ಚೆನ್ನಾಗಿ ಅರ್ಥವಾಗುತ್ತದೆ.

ಅಲ್ಯೂಮಿನಿಯಂ ಬೇರೆಯೇ ಥರದ ಕಷ್ಟ

ಕಬ್ಬಿಣದ ಕಸಕ್ಕೆ ಉಪಾಯಗಳಿವೆ. ಅಲ್ಯೂಮಿನಿಯಂ ಕಸಕ್ಕೆ ಹೆಚ್ಚೇನೂ ಇಲ್ಲ. ಕ್ಯಾನ್ ಕೊಂಡಿಗಳ ಅಂಕಿಗಳನ್ನು ಆರಿಸಿ ಮುಚ್ಚಿಬಿಡುವ ನಾಚ್ ಎಂಬ ಸೌಲಭ್ಯ ಇದೆ. ಆದರೆ ಕೊಂಡಿಯ ಅಂಕಿ ಮುಚ್ಚಿದ ದಿನ ಅದೇ ಅಂಕಿಯ ಉಂಗುರಗಳನ್ನೂ ಮುಚ್ಚಿದಿರಿ. ಬರೀ ಬೆಳ್ಳಿ ನಾಣ್ಯ ಹುಡುಕುವವರಿಗೆ ಅದು ಪರವಾಗಿಲ್ಲ. ಉಂಗುರ ಹುಡುಕುವವರು ಕೊಂಡಿಗಳನ್ನು ಅಗೆಯಲೇಬೇಕು. ಒಂದು ಸಹಾಯ ಇದೆ. ಒಂದೇ ಜಾಗದಲ್ಲಿ ಬೀಳುವ ಕೊಂಡಿಗಳು ಸಾಮಾನ್ಯವಾಗಿ ಒಂದೇ ಮಾದರಿಯವು, ಹಾಗಾಗಿ ಅವುಗಳ ಅಂಕಿ ಮತ್ತೆ ಮತ್ತೆ ಅದೇ ಬರುತ್ತದೆ. ನಾಲ್ಕಾರು ಅಗೆದ ಮೇಲೆ ಆ ಜಾಗದ ಅಂಕಿ ಬಾಯಿಪಾಠ ಆಗುತ್ತದೆ. ಅದರಿಂದ ಒಂದೆರಡು ಮೆಟ್ಟಿಲು ಆಚೀಚೆ ಬಂದದ್ದಕ್ಕೆ ಹೆಚ್ಚು ಗಮನ ಕೊಡಬಹುದು.

ಕೆಲವು ನೆಲಗಳಲ್ಲಿ ಮಣ್ಣೇ ಗದ್ದಲ ಮಾಡುತ್ತದೆ. ಮ್ಯಾಗ್ನೆಟೈಟ್‌ನಂಥ ಕಬ್ಬಿಣದ ಖನಿಜ ಜಾಸ್ತಿ ಇದ್ದರೆ ಯಂತ್ರ ಮಣ್ಣಿಗೂ ಉತ್ತರಿಸುತ್ತದೆ. ಗ್ರೌಂಡ್ ಬ್ಯಾಲೆನ್ಸ್ ಎಂಬ ಹೊಂದಾಣಿಕೆ ಮಾಡಿಕೊಂಡರೆ ಆ ಉತ್ತರ ಕಳೆದುಹೋಗುತ್ತದೆ, ಜಾಗ ಬದಲಾದಾಗಲೆಲ್ಲ ಮತ್ತೆ ಮಾಡಬೇಕು. ಖನಿಜದ ಮಣ್ಣಿಗೂ ಉಪ್ಪುನೀರಿನ ಮರಳಿಗೂ ಪಲ್ಸ್ ಇಂಡಕ್ಷನ್ ಎಂಬ ಬೇರೆ ಜಾತಿಯ ಯಂತ್ರ ಇದೆ. ಅದು ಆಳಕ್ಕೆ ನೋಡುತ್ತದೆ, ಆದರೆ ಕಬ್ಬಿಣ ಯಾವುದು ಅಲ್ಲದ್ದು ಯಾವುದು ಎಂದು ಹೇಳುವುದರಲ್ಲಿ ಹಿಂದೆ. ಮೊಳೆ ತುಂಬಿದ ಜಾಗಕ್ಕೆ ಅದನ್ನು ಒಯ್ಯಬೇಡಿ.

ಕಸ ತೆಗೆಯುವುದೂ ಹುಡುಕಾಟವೇ

ಅಗೆದಾಗ ಮೊಳೆ ಬಂತು ಅನ್ನಿ. ಅದನ್ನು ಅಲ್ಲೇ ಎಸೆಯಬೇಡಿ, ಚೀಲಕ್ಕೆ ಹಾಕಿಕೊಳ್ಳಿ. ಎಸೆದರೆ ಅದು ಇನ್ನೊಂದು ನಾಣ್ಯಕ್ಕೆ ಮರೆಯಾಗುತ್ತದೆ. ಆಮೇಲೆ ಖಾಲಿ ಗುಂಡಿಯ ಮೇಲೆ ಇನ್ನೊಮ್ಮೆ ಬೀಸಿ. ಗುಂಡಿಯ ಗೋಡೆಗಳನ್ನೂ ತೆಗೆದ ಮಣ್ಣನ್ನೂ ಕೈಯಲ್ಲಿ ಹಿಡಿಯುವ ಪಿನ್‌ಪಾಯಿಂಟರ್ ಎಂಬ ಪುಟ್ಟ ಡಿಟೆಕ್ಟರ್‌ನಿಂದ ಮುಟ್ಟಿ ನೋಡಿ. ಮೇಲಿನ ಕಬ್ಬಿಣ ಹೋದ ಮೇಲೆಯೇ ಕೆಳಗಿನದು ಬಾಯಿ ಬಿಡುವುದು. ಹಳೆಯ ಮನೆಯ ಜಾಗದಂಥ ಕಡೆ ಎರಡು ಮಂಚದಷ್ಟು ಅಗಲದ ನೆಲ ಆರಿಸಿಕೊಂಡು, ಕೇಳಿಸುವ ಕಬ್ಬಿಣವನ್ನೆಲ್ಲ ತೆಗೆದು, ಮತ್ತೆ ಮೊದಲಿನಿಂದ ಹುಡುಕುವುದು ನಿಧಾನದ ಕೆಲಸ. ಆದರೆ ಇಡೀ ಬಯಲನ್ನು ಓಡಾಡಿ ಬರುವುದಕ್ಕಿಂತ ಅದರಲ್ಲಿ ಫಲ ಜಾಸ್ತಿ ಎಂದು ನಾನು ನಂಬುತ್ತೇನೆ.

ಇದೇ ಯಂತ್ರವನ್ನು ಹಿಡಿದು ನೆಲಬಾಂಬ್ ತೆಗೆಯುವವರಿಗೆ ಆರಿಸುವ ಅವಕಾಶವೇ ಇಲ್ಲ. ಅಲ್ಲಿ ಡಿಸ್ಕ್ರಿಮಿನೇಷನ್ ನಂಬಿ ಒಂದು ಸದ್ದು ಬಿಟ್ಟರೆ ಹೋಗುವುದು ಜೀವ. ಲೋಹ ಬಹಳ ಕಡಿಮೆ ಇರುವ ಬಾಂಬುಗಳೂ ಇವೆ, ಅವುಗಳ ಸದ್ದು ಒಂದು ಪುಟ್ಟ ತಂತಿ ಚೂರಿನಷ್ಟೇ. ಹಾಗಾಗಿ ಯುದ್ಧ ನಡೆದ ನೆಲದಲ್ಲಿ ಅವರು ಗುಂಡಿನ ಖಾಲಿ ಚಿಪ್ಪು, ಸಿಡಿಗುಂಡಿನ ಚೂರುಗಳನ್ನು ಒಂದೊಂದಾಗಿ, ಮಂಡಿಯೂರಿ, ಬಿಡಿಸುತ್ತಾ ಹೋಗಬೇಕು. ಅದಕ್ಕೆಂದೇ ಲೋಹದ ಡಿಟೆಕ್ಟರ್ ಜೊತೆಗೆ ನೆಲದೊಳಗೆ ರೇಡಿಯೋ ಅಲೆ ಕಳುಹಿಸಿ ನೋಡುವ ರಾಡಾರ್ ಸೇರಿಸಿದ ಯಂತ್ರಗಳನ್ನು ಮಾಡಿದ್ದಾರೆ.

ಕಸ ಎಂದು ನಾವು ಕರೆಯುವುದೇ ಕೆಲವೊಮ್ಮೆ ಮುಖ್ಯ ವಸ್ತುವೂ ಆಗಿರುತ್ತದೆ. ಅಮೆರಿಕದ ಮೊಂಟಾನಾದಲ್ಲಿ ಲಿಟಲ್ ಬಿಗ್‌ಹಾರ್ನ್ ಎಂಬ ಕಡೆ 1876ರ ಜೂನ್‌ನಲ್ಲಿ ಒಂದು ಕದನ ನಡೆಯಿತು. ಸೇನಾಧಿಕಾರಿ ಕಸ್ಟರ್ ನೇತೃತ್ವದ ಅಮೆರಿಕ ಸೇನೆಯ ಪಡೆ ಮೂಲನಿವಾಸಿ ಯೋಧರ ಎದುರು ನಾಶವಾಯಿತು. 1983ರಲ್ಲಿ ಬೆಂಕಿ ಬಿದ್ದು ಅಲ್ಲಿನ ಹುಲ್ಲು ಸುಟ್ಟುಹೋದ ಮೇಲೆ, 1984 ಮತ್ತು 1985ರಲ್ಲಿ ಪುರಾತತ್ವಜ್ಞರಾದ ಡಗ್ಲಸ್ ಸ್ಕಾಟ್ ಮತ್ತು ರಿಚರ್ಡ್ ಫಾಕ್ಸ್ ಮೆಟಲ್ ಡಿಟೆಕ್ಟರ್ ಹಿಡಿದ ಸ್ವಯಂಸೇವಕರ ಜೊತೆ ಆ ನೆಲವನ್ನು ಶೋಧಿಸಿದರು. ಸಿಕ್ಕಿದ್ದು ಗುಂಡುಗಳು, ತೋಟೆಯ ಖಾಲಿ ಚಿಪ್ಪುಗಳು. ಒಂದೊಂದು ಬಂದೂಕು ಚಿಪ್ಪಿನ ಮೇಲೆ ತನ್ನದೇ ಗುರುತು ಬಿಡುತ್ತದೆ. ಪ್ರತಿಯೊಂದು ಸಿಕ್ಕ ಜಾಗವನ್ನೂ ನಕ್ಷೆಯಲ್ಲಿ ಗುರುತಿಸಿದ್ದರಿಂದ ಒಂದು ಬಂದೂಕು ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಹಿಂಬಾಲಿಸಲು ಸಾಧ್ಯವಾಯಿತು. ಚಿಪ್ಪುಗಳನ್ನು ಸುಮ್ನೆ ಆರಿಸಿ ಚೀಲಕ್ಕೆ ಹಾಕಿಕೊಂಡಿದ್ದರೆ ಅಷ್ಟೂ ತೂಕದ ಲೋಹ ಮಾತ್ರ ಉಳಿಯುತ್ತಿತ್ತು.

ಅದಕ್ಕೇ ಅಗೆಯುವ ಮೊದಲು ಆ ನೆಲದಲ್ಲಿ ಹುಡುಕಲು ಕಾನೂನಿನ ಒಪ್ಪಿಗೆ ಇದೆಯೇ, ಜಾಗದ ಒಡೆಯರ ಒಪ್ಪಿಗೆ ಇದೆಯೇ ಎಂದು ನೋಡಬೇಕು. ಕಾನೂನು ದೇಶದಿಂದ ದೇಶಕ್ಕೆ ಬೇರೆ. ಸಂರಕ್ಷಿತ ಸ್ಥಳಗಳಲ್ಲಿ ಯಂತ್ರವನ್ನು ಹೊರತೆಗೆಯಲೇಬಾರದು. ಒಪ್ಪಿಗೆ ಇರುವ ಕಡೆಯೂ ಒಂದು ಗುಂಡಿಯಲ್ಲಿ ಎರಡನೇ, ಮೂರನೇ ಹಳೆಯ ನಾಣ್ಯ ಬರತೊಡಗಿದರೆ ಕೈ ನಿಲ್ಲಿಸಬೇಕು. 1992ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಸಫೊಕ್‌ನ ಹಾಕ್ಸ್ನ್ ಹಳ್ಳಿಯಲ್ಲಿ ಎರಿಕ್ ಲಾಸ್ ಎಂಬವರು ಗೆಳೆಯರೊಬ್ಬರ ಕಳೆದುಹೋದ ಸುತ್ತಿಗೆಯನ್ನು ಡಿಟೆಕ್ಟರ್ ಹಿಡಿದು ಹುಡುಕುತ್ತಿದ್ದರು. ಬಂಗಾರ, ಬೆಳ್ಳಿ ನಾಣ್ಯಗಳೂ ಬೆಳ್ಳಿ ಚಮಚಗಳೂ ಬರತೊಡಗಿದವು. ಅವರು ಪೂರಾ ಅಗೆಯದೆ ಅಧಿಕಾರಿಗಳಿಗೆ ತಿಳಿಸಿದರು. ಮರುದಿನವೇ ಪುರಾತತ್ವಜ್ಞರು ಬಂದು ಪದರ ಪದರವಾಗಿ ತೆಗೆದರು. ರೋಮನ್ ಕಾಲದ 14,865 ನಾಣ್ಯಗಳು ಸಿಕ್ಕವು. ವಸ್ತುಗಳನ್ನು ಮರದ ಪೆಟ್ಟಿಗೆಯೊಳಗೆ ಹೇಗೆ ಜೋಡಿಸಿಟ್ಟಿದ್ದರು ಎನ್ನುವುದೂ ತಿಳಿಯಿತು. ಸುತ್ತಿಗೆಯೂ ಸಿಕ್ಕಿತು, ಅದು ಈಗ ನಿಧಿಯ ಜೊತೆಗೇ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.